ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್: ‘ಮೂಳೆ ತಿಂದುಬಿಡುತ್ತೆ’ ಎಂಬ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಕೀಲುನೋವಿನ ಇಂಜೆಕ್ಷನ್ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಒಂದು ಹೆದರಿಸುತ್ತದೆ: ಡಾಕ್ಟರು ಮಂಡಿಗೆ ಕೊಡುವುದು ಸ್ಟೀರಾಯ್ಡ್, ಒಂದು ಸಲ ಹಾಕಿಸಿಕೊಂಡರೆ ಮೂಳೆ ಕರಗುತ್ತದೆ, ಕಿಡ್ನಿ ಹೋಗುತ್ತದೆ, ಕೊನೆಗೆ ಆಪರೇಷನ್ನೇ ಗತಿ. ಇನ್ನೊಂದು ಆಸೆ ಹುಟ್ಟಿಸುತ್ತದೆ: ಆಪರೇಷನ್ ಬೇಡ, ಒಂದೇ ಇಂಜೆಕ್ಷನ್, ಮಂಡಿನೋವು ಶಾಶ್ವತವಾಗಿ ಮಾಯ. ಕೆಳಗೊಂದು ಫೋನ್ ನಂಬರ್. ಎರಡೂ ಒಂದೇ ಫ್ಯಾಮಿಲಿ ಗ್ರೂಪಿಗೆ, ಕೆಲವೊಮ್ಮೆ ಒಂದೇ ವಾರದಲ್ಲಿ ಬಂದು ಬೀಳುವುದೂ ಉಂಟು.

ಗಿರಿನಗರದಂಥ ಬಡಾವಣೆಯಲ್ಲಿ ಇದು ಬರೀ ಫೋನಿನ ಒಳಗಿನ ಮಾತಲ್ಲ. ಮೂವತ್ತು ನಲವತ್ತು ವರ್ಷದ ಹಿಂದೆ ಸೈಟು ಕೊಂಡು ಮನೆ ಕಟ್ಟಿಸಿದವರಿಗೆ ಈಗ ಅರವತ್ತೈದು, ಎಪ್ಪತ್ತು. ಹೆಸರಿನಲ್ಲೇ ಗಿರಿ ಇರುವ ಜಾಗ, ರಸ್ತೆಗಳಲ್ಲಿ ಏರುತಗ್ಗು. ಮಹಡಿ ಮನೆ, ಮೆಟ್ಟಿಲು. ಸೀತಾ ಸರ್ಕಲ್‌ನಿಂದ ತರಕಾರಿ ಚೀಲ ಹಿಡಿದು ಮನೆಗೆ ನಡೆದು ಬರುವಷ್ಟರಲ್ಲಿ ಮಂಡಿ ತನ್ನ ವಯಸ್ಸನ್ನು ಹೇಳಿಬಿಡುತ್ತದೆ. ಮೂಳೆ ಡಾಕ್ಟರು “ಒಂದು ಇಂಜೆಕ್ಷನ್ ಹಾಕೋಣ, ನೋಡೋಣ” ಎಂದಾಗ ಮನೆಯಲ್ಲಿ ಚರ್ಚೆ ಶುರು. ಅಮ್ಮನಿಗೆ ಭಯ. ಅಮೆರಿಕದಲ್ಲಿರುವ ಮಗ ಗೂಗಲ್ ಮಾಡುತ್ತಾನೆ. ಪಕ್ಕದ ಮನೆ ಆಂಟಿ ತಮಗೆ ತಿಳಿದವರೊಬ್ಬರ ಕಥೆ ಹೇಳುತ್ತಾರೆ. ಅಷ್ಟರಲ್ಲಿ ಫಾರ್ವರ್ಡ್ ಬರುತ್ತದೆ.

ನಮ್ಮ ಓದಿನಲ್ಲಿ ಕಂಡಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಹೆದರಿಸುವ ಸಂದೇಶದಲ್ಲಿ ನಿಜದ ಎಳೆ ಇದೆ, ಆದರೆ ಆ ನಿಜ ಬೇರೆ ಬಗೆಯ ಸ್ಟೀರಾಯ್ಡ್ ಬಳಕೆಗೆ ಸೇರಿದ್ದು. ಒಂದು ಕೀಲಿನೊಳಗೆ, ಅಳತೆ ಮಾಡಿ, ವರ್ಷಕ್ಕೆ ಒಂದೆರಡು ಸಲ ಕೊಡುವ ಇಂಜೆಕ್ಷನ್ ಒಂದು ಸಂಗತಿ. ವಾರಕ್ಕೊಮ್ಮೆ ಸೊಂಟಕ್ಕೆ ಚುಚ್ಚುವ ಹೆಸರಿಲ್ಲದ ಇಂಜೆಕ್ಷನ್ ಅಥವಾ ‘ಗಿಡಮೂಲಿಕೆ’ ಪುಡಿಯಲ್ಲಿ ಬಚ್ಚಿಟ್ಟ ಸ್ಟೀರಾಯ್ಡ್ ಇನ್ನೊಂದು ಸಂಗತಿ. ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಹೆಸರು. ಗೊಂದಲದ ಬೇರು ಇಲ್ಲೇ ಇದೆ.

ಕಾರ್ಟಿಸೋನ್ ಎಂದರೆ ಏನು?

ನಮ್ಮ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಗಳಿವೆ. ಅವಕ್ಕೆ ಅಡ್ರಿನಲ್ ಗ್ರಂಥಿ ಎನ್ನುತ್ತಾರೆ. ಅವು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನ್ ತಯಾರಿಸುತ್ತವೆ. ಬೆಳಗ್ಗೆ ನಾವು ಏಳುವ ಹೊತ್ತಿಗೆ ಅದರ ಮಟ್ಟ ಹೆಚ್ಚು, ರಾತ್ರಿ ಕಡಿಮೆ. ದೇಹದಲ್ಲಿ ಉರಿಯೂತ, ಅಂದರೆ ಊತ, ಬಿಸಿ, ಕೆಂಪು, ನೋವು ಅತಿಯಾಗದಂತೆ ಹಿಡಿತದಲ್ಲಿ ಇಡುವ ಕೆಲಸ ಅದರದ್ದು. ಜಿಮ್ ಹುಡುಗರು ಮೈ ಬೆಳೆಸಲು ತೆಗೆದುಕೊಳ್ಳುವ ಸ್ಟೀರಾಯ್ಡ್ ಪೂರ್ತಿ ಬೇರೆ ಜಾತಿಯದು, ಅದು ಗಂಡಸರ ಹಾರ್ಮೋನಿನ ಬಳಗ. ಹೆಸರು ಒಂದೇ ಆದದ್ದು ರಾಸಾಯನಿಕ ರಚನೆಯ ಹೋಲಿಕೆಯಿಂದ. “ಸ್ಟೀರಾಯ್ಡ್ ಹಾಕಿಸಿಕೊಂಡರೆ ಮೀಸೆ ಬರುತ್ತಾ” ಎಂದು ಕೇಳುವವರಿಗೆ ಇಷ್ಟು ಸಾಕು.

ಈ ಔಷಧಿಯ ಹುಟ್ಟುಕಥೆ ಗೊತ್ತಿದ್ದರೆ ಇವತ್ತಿನ ಎರಡೂ ಫಾರ್ವರ್ಡ್‌ಗಳು ಎಲ್ಲಿಂದ ಬಂದವು ಎಂಬುದೂ ಅರ್ಥವಾಗುತ್ತದೆ. 1948ರ ಸೆಪ್ಟೆಂಬರ್. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ತೀವ್ರ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಫಿಲಿಪ್ ಹೆಂಚ್ ಎಂಬ ವೈದ್ಯರ ತಂಡ ಒಂದು ಹೊಸ ವಸ್ತುವಿನ ಇಂಜೆಕ್ಷನ್ ಕೊಟ್ಟಿತು. ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ ದನದ ಅಡ್ರಿನಲ್ ಗ್ರಂಥಿಗಳಿಂದ ವರ್ಷಗಟ್ಟಲೆ ಶ್ರಮಪಟ್ಟು ಬೇರ್ಪಡಿಸಿದ್ದ ವಸ್ತು ಅದು. ಮುಂದೆ ಅದಕ್ಕೆ ಕಾರ್ಟಿಸೋನ್ ಎಂಬ ಹೆಸರು ಬಂತು. ಕೆಲವೇ ದಿನಗಳಲ್ಲಿ ಆ ಮಹಿಳೆ ಎದ್ದು ನಡೆದು, ಅಂಗಡಿ ಬೀದಿಗೂ ಹೋಗಿಬಂದರು. ಪವಾಡ ಎಂದು ಲೋಕವೇ ಕುಣಿಯಿತು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯುಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂತು.

ಆಮೇಲೆ ಬಂದದ್ದು ಬಿಲ್ಲು. ದಿನವೂ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರ ಮುಖ ಚಂದ್ರನಂತೆ ಊದಿತು, ಬಿಪಿ, ಶುಗರ್ ಏರಿತು, ಮೂಳೆ ಟೊಳ್ಳಾಯಿತು, ಕೆಲವರ ಮನಸ್ಸಿನ ಸಮತೋಲನವೇ ತಪ್ಪಿತು. ಔಷಧಿ ನಿಲ್ಲಿಸಿದರೆ ನೋವು ವಾಪಸ್. ವೈದ್ಯರ ಮುಂದೆ ಒಂದು ಪ್ರಶ್ನೆ ಎದ್ದಿತು: ನೋವಿರುವುದು ಒಂದೇ ಮಂಡಿಯಲ್ಲಿ ಎಂದಾದರೆ ಇಡೀ ಮೈಗೆ ಯಾಕೆ ಕೊಡಬೇಕು? 1951ರಲ್ಲಿ ಜೋಸೆಫ್ ಹಾಲಂಡರ್ ಎಂಬ ಅಮೆರಿಕನ್ ವೈದ್ಯರು ನೇರವಾಗಿ ಕೀಲಿನೊಳಗೆ ಹೈಡ್ರೋಕಾರ್ಟಿಸೋನ್ ಹಾಕಿ ಫಲ ಕಂಡದ್ದನ್ನು ವರದಿ ಮಾಡಿದರು. ಅಂದರೆ ಕೀಲಿಗೆ ಕೊಡುವ ಇಂಜೆಕ್ಷನ್‌ನಿಂದ ಆದ ದೊಡ್ಡ ಲಾಭವೇ ಇದು: ಇಡೀ ಮೈಗೆ ತಗಲುತ್ತಿದ್ದ ಅಪಾಯ ಬಹಳಷ್ಟು ತಗ್ಗಿತು. ಫಾರ್ವರ್ಡ್ ಪಟ್ಟಿ ಮಾಡುವ ಅಪಾಯಗಳಲ್ಲಿ ಹೆಚ್ಚಿನವು ಹಳೆಯ ದಾರಿಯವು.

ಇನ್ನೊಂದು ತಮಾಷೆ. ‘ಕಾರ್ಟಿಸೋನ್ ಇಂಜೆಕ್ಷನ್’ ಎಂದು ನಾವು ಕರೆಯುವುದರಲ್ಲಿ ಇವತ್ತು ಕಾರ್ಟಿಸೋನ್ ಇರುವುದೇ ಇಲ್ಲ. ಕಾರ್ಟಿಸೋನ್ ಕೆಲಸ ಮಾಡಬೇಕಾದರೆ ಮೊದಲು ಲಿವರ್‌ಗೆ ಹೋಗಿ ರೂಪ ಬದಲಿಸಿಕೊಳ್ಳಬೇಕು, ಮಂಡಿಯೊಳಗೆ ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ. ಈಗ ಬಳಸುವುದು ಹೆಚ್ಚಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್. ಮಂಡಿಗೆ ಸಾಮಾನ್ಯವಾಗಿ 40 ಮಿಲಿಗ್ರಾಂ, ಕೆಲವೊಮ್ಮೆ 80. ಬಾಟಲಿಯಲ್ಲಿ ನೋಡಿದರೆ ಹಾಲಿನಂತೆ ಬೆಳ್ಳಗಿರುತ್ತದೆ, ಏಕೆಂದರೆ ಔಷಧಿಯ ಸಣ್ಣ ಸಣ್ಣ ಹರಳುಗಳು ಅದರಲ್ಲಿ ತೇಲುತ್ತಿರುತ್ತವೆ. ಕೀಲಿನೊಳಗೆ ಅವು ನಿಧಾನವಾಗಿ ಕರಗುತ್ತ ವಾರಗಟ್ಟಲೆ ಕೆಲಸ ಮಾಡುತ್ತವೆ. ಜೊತೆಗೆ ಮರಗಟ್ಟಿಸುವ ಔಷಧಿಯನ್ನೂ ಸೇರಿಸುವುದುಂಟು. ಹಾಕಿಸಿಕೊಂಡ ಹತ್ತೇ ನಿಮಿಷದಲ್ಲಿ “ಅಬ್ಬಾ, ನೋವೇ ಇಲ್ಲ” ಎನಿಸುವುದು ಅದರಿಂದ. ಅದು ಕೆಲವು ಗಂಟೆಗಳಲ್ಲಿ ಇಳಿದು ಅದೇ ರಾತ್ರಿ ನೋವು ಮರಳಿದರೆ ಇಂಜೆಕ್ಷನ್ ಫೇಲ್ ಆಯಿತು ಎಂದಲ್ಲ. ಸ್ಟೀರಾಯ್ಡ್ ಕೆಲಸ ಶುರು ಮಾಡಲು ಎರಡು ಮೂರು ದಿನ, ಕೆಲವೊಮ್ಮೆ ಒಂದು ವಾರ ಬೇಕು.

ಎಷ್ಟು ದಿನ ಆರಾಮ?

ಇಲ್ಲಿ ಆಸೆ ಹುಟ್ಟಿಸುವ ಫಾರ್ವರ್ಡ್ ಮುಗ್ಗರಿಸುತ್ತದೆ. ವಯಸ್ಸಿನಿಂದ ಬರುವ ಮಂಡಿ ಸವೆತಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಎಷ್ಟು ಉಪಯೋಗ ಎಂದು ಅಳೆದ 27 ಪ್ರಯೋಗಗಳನ್ನು, ಒಟ್ಟು 1,767 ರೋಗಿಗಳ ಮಾಹಿತಿಯನ್ನು, ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2015ರಲ್ಲಿ ಒಟ್ಟುಗೂಡಿಸಿ ನೋಡಿತು. ಮೊದಲ ಒಂದೆರಡು ವಾರ ನೋವು ಗಮನಿಸುವಷ್ಟು ಕಡಿಮೆ. ನಾಲ್ಕರಿಂದ ಆರು ವಾರದ ಹೊತ್ತಿಗೆ ಲಾಭ ಕುಗ್ಗುತ್ತದೆ. ಆರು ತಿಂಗಳಿಗೆ ಇಂಜೆಕ್ಷನ್ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಆ ಪ್ರಯೋಗಗಳ ಗುಣಮಟ್ಟವೇ ಅಷ್ಟಕ್ಕಷ್ಟೆ ಎಂದೂ ಸಂಶೋಧಕರು ಎಚ್ಚರಿಸಿದರು. ‘ಶಾಶ್ವತ’ ಎಂಬ ಪದಕ್ಕೆ ಇಲ್ಲಿ ಜಾಗವಿಲ್ಲ.

ಹಾಗಾದರೆ ಮೂಳೆ ತಿನ್ನುತ್ತದೆಯೇ? ಬೋಸ್ಟನ್‌ನ ವೈದ್ಯರು ಇದನ್ನು ನೇರವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಮಂಡಿ ಸವೆತವಿದ್ದ 140 ಜನರಲ್ಲಿ ಅರ್ಧ ಜನಕ್ಕೆ ಮೂರು ತಿಂಗಳಿಗೊಮ್ಮೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್, ಉಳಿದರ್ಧಕ್ಕೆ ಬರೀ ಉಪ್ಪುನೀರು, ಎರಡು ವರ್ಷ ಬಿಡದೆ. ಕೊನೆಗೆ ಎಂಆರ್‌ಐ ಮಾಡಿ ನೋಡಿದಾಗ ಸ್ಟೀರಾಯ್ಡ್ ಗುಂಪಿನಲ್ಲಿ ಮೆದುಮೂಳೆಯ ದಪ್ಪ 0.21 ಮಿಲಿಮೀಟರ್ ಕಡಿಮೆಯಾಗಿತ್ತು, ಉಪ್ಪುನೀರಿನ ಗುಂಪಿನಲ್ಲಿ 0.10. ಅಂದರೆ ಮತ್ತೆ ಮತ್ತೆ ಹಾಕಿಸಿಕೊಂಡರೆ ಸವೆತ ತುಸು ಬೇಗ ಆಗಬಹುದು ಎಂಬುದು ನಿಜ. ಆದರೆ ಎಂಟು ಇಂಜೆಕ್ಷನ್‌ಗಳ ನಂತರದ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ‘ಒಂದು ಸಲ ಹಾಕಿಸಿಕೊಂಡರೆ ಮೂಳೆ ಕರಗುತ್ತದೆ’ ಎಂಬುದಕ್ಕೂ ಇದಕ್ಕೂ ಬಹಳ ದೂರ. ಇದೇ ಅಧ್ಯಯನದಲ್ಲಿ ನಮಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆಯದು: ಎರಡು ವರ್ಷದ ಕೊನೆಗೆ ನೋವಿನಲ್ಲಿ ಎರಡೂ ಗುಂಪಿಗೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಲಾಭವಿಲ್ಲದೆ ಸವೆತ ಮಾತ್ರ ಸ್ವಲ್ಪ ಹೆಚ್ಚು. ಕ್ಯಾಲೆಂಡರ್ ನೋಡಿ ಮೂರು ತಿಂಗಳಿಗೊಮ್ಮೆ ಹೋಗಿ ಚುಚ್ಚಿಸಿಕೊಂಡು ಬರುವ ರೂಢಿಯ ವಿರುದ್ಧ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾಗಿ ಒಂದೇ ಕೀಲಿಗೆ ಕನಿಷ್ಠ ಮೂರು ತಿಂಗಳ ಅಂತರ ಇರಬೇಕು, ವರ್ಷಕ್ಕೆ ಮೂರು ನಾಲ್ಕನ್ನು ಮೀರಬಾರದು ಎಂಬುದು ಮೂಳೆತಜ್ಞರ ನಡುವಿನ ವಾಡಿಕೆ. ಇದು ಮೇಲಿನ ಮಿತಿ. ಗುರಿ ಎಂದು ತಿಳಿಯಬಾರದು.

ಎಲ್ಲ ನೋವೂ ಮಂಡಿ ಸವೆತವಲ್ಲ, ಎಲ್ಲ ಕಡೆಯೂ ಫಲ ಒಂದೇ ಅಲ್ಲ. ಬೆರಳು ಮಡಚಿದರೆ ಸಿಕ್ಕಿಹಾಕಿಕೊಂಡು ಟಕ್ ಎಂದು ಬಿಡಿಸಿಕೊಳ್ಳುವ ತೊಂದರೆ ಇದೆಯಲ್ಲ, ಅದಕ್ಕೆ ಒಂದು ಇಂಜೆಕ್ಷನ್ ಎಷ್ಟೋ ಜನರನ್ನು ಆಪರೇಷನ್‌ನಿಂದ ಉಳಿಸುತ್ತದೆ. ಮಗು ಎತ್ತಿಕೊಳ್ಳುವ ಹೊಸ ತಾಯಂದಿರಿಗೆ ಹೆಬ್ಬೆರಳ ಬುಡದಲ್ಲಿ ಬರುವ ನೋವಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು ಕಾಣುವ ‘ಫ್ರೋಜನ್ ಶೋಲ್ಡರ್’, ಅಂದರೆ ತಲೆ ಬಾಚಲೂ ಕೈ ಎತ್ತಲಾಗದಂತೆ ಭುಜ ಬಿಗಿದುಕೊಳ್ಳುವುದು, ಅದರಲ್ಲೂ ಶುರುವಿನಲ್ಲೇ ಕೊಟ್ಟರೆ ಅನುಕೂಲವಿದೆ. ಇನ್ನು ಮೊಣಕೈಯ ‘ಟೆನ್ನಿಸ್ ಎಲ್ಬೋ’ ಕಥೆ ಉಲ್ಟಾ. ಟೆನ್ನಿಸ್ ಆಡದ, ದಿನವಿಡೀ ಬಟ್ಟೆ ಹಿಂಡುವ, ಮೌಸ್ ಹಿಡಿಯುವ ಕೈಗಳಿಗೂ ಬರುವ ನೋವು ಅದು. ಆಸ್ಟ್ರೇಲಿಯಾದಲ್ಲಿ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ 54% ಜನಕ್ಕೆ ನೋವು ಮರುಕಳಿಸಿತು, ಹುಸಿ ಇಂಜೆಕ್ಷನ್ ಪಡೆದವರಲ್ಲಿ 12% ಜನಕ್ಕೆ ಮಾತ್ರ. ಮೊದಲ ತಿಂಗಳು ಸ್ಟೀರಾಯ್ಡ್ ಗುಂಪೇ ಆರಾಮವಾಗಿತ್ತು ಎಂಬುದನ್ನು ಮರೆಯಬೇಡಿ. “ನನಗೆ ಹಾಕಿಸಿದ ಮರುದಿನವೇ ಹೋಯಿತು” ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ವರ್ಷದ ನಂತರ ಕೇಳಿ.

ಭಯ ಬಂದದ್ದು ಎಲ್ಲಿಂದ?

ಕರ್ನಾಟಕದ ಮನೆಗಳಲ್ಲಿ ‘ಸ್ಟೀರಾಯ್ಡ್’ ಎಂಬ ಪದ ಹೆದರಿಕೆಯ ಪದವಾದದ್ದಕ್ಕೆ ಕಾರಣಗಳಿವೆ. 2021ರ ಕೋವಿಡ್ ಎರಡನೇ ಅಲೆಯನ್ನು ಯಾರೂ ಮರೆತಿಲ್ಲ. ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸಿದ್ದು ಇದೇ ಬಳಗದ ಡೆಕ್ಸಾಮೆಥಸೋನ್. ಅದನ್ನೇ ಅಗತ್ಯವಿಲ್ಲದವರೂ ಮನೆಯಲ್ಲೇ ನುಂಗಿದಾಗ, ಜೊತೆಗೆ ಶುಗರ್ ಹಿಡಿತ ತಪ್ಪಿದಾಗ, ಕಪ್ಪು ಶಿಲೀಂಧ್ರ ಬಂತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ವಾರ್ಡ್‌ಗಳಲ್ಲಿ ಕಣ್ಣು, ದವಡೆ ಕಳೆದುಕೊಂಡವರ ಸುದ್ದಿಗಳನ್ನು ದಿನವೂ ಟಿವಿಯಲ್ಲಿ ನೋಡಿದ್ದೇವೆ. ಅದೇ ವರ್ಷ ಮುಂಬೈಯ ಹಿಂದೂಜಾ ಆಸ್ಪತ್ರೆಯ ವೈದ್ಯರು, ಕೋವಿಡ್‌ಗೆ ಸ್ಟೀರಾಯ್ಡ್ ಪಡೆದಿದ್ದ ನಲವತ್ತರೊಳಗಿನ ಮೂವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಮೂಳೆ ಸತ್ತುಹೋದದ್ದನ್ನು ವರದಿ ಮಾಡಿದರು. ‘ಸ್ಟೀರಾಯ್ಡ್ ಮೂಳೆ ತಿನ್ನುತ್ತೆ’ ಎಂಬ ಮಾತಿಗೆ ಹೊಸ ಜೀವ ಬಂದದ್ದು ಆಗ. ಸುದ್ದಿ ನಿಜ. ಆದರೆ ಅದು ಇಡೀ ಮೈಗೆ, ದಿನಗಟ್ಟಲೆ ಹೋದ ಸ್ಟೀರಾಯ್ಡ್‌ನ ಕಥೆ, ಮಂಡಿಗೆ ಹಾಕಿದ ಒಂದು ಸೂಜಿಯದಲ್ಲ.

ಇನ್ನೂ ಹಿಂದಕ್ಕೆ ಹೋದರೆ 2006ರ ಚಿಕೂನ್‌ಗುನ್ಯಾ. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಪೆಟ್ಟು ತಿಂದ ರಾಜ್ಯ ನಮ್ಮದು. ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡು ಬಗ್ಗಿ ನಡೆಯುತ್ತಿದ್ದವರು ಊರೂರಲ್ಲಿ ಇದ್ದರು. ಇಂಥ ನೋವಿನಲ್ಲಿರುವವರಿಗೆ “ಒಂದು ಇಂಜೆಕ್ಷನ್ ಕೊಡಿ ಸಾರ್, ನಾಳೆ ಕೆಲಸಕ್ಕೆ ಹೋಗಬೇಕು” ಎನ್ನುವುದು ಸಹಜ. ಕೊಡುವವರೂ ಸಿಗುತ್ತಾರೆ. ಸೊಂಟಕ್ಕೆ ಚುಚ್ಚಿದ ಸ್ಟೀರಾಯ್ಡ್ ರಕ್ತದ ಮೂಲಕ ಇಡೀ ಮೈ ಸೇರುತ್ತದೆ, ಎಲ್ಲ ಕೀಲುಗಳೂ ಒಟ್ಟಿಗೆ ಸಡಿಲವಾಗುತ್ತವೆ, ಹಸಿವಾಗುತ್ತದೆ, ಮನಸ್ಸಿಗೆ ಹುರುಪು ಬರುತ್ತದೆ. ಒಳ್ಳೆಯ ಕೈಗುಣದ ಡಾಕ್ಟರು ಎಂದು ಹೆಸರೂ ಬರುತ್ತದೆ. ಹೀಗೆ ವಾರಕ್ಕೊಂದರಂತೆ ನಡೆದರೆ ಅಡ್ರಿನಲ್ ಗ್ರಂಥಿಗಳು ಹೊರಗಿನಿಂದ ಬರುತ್ತಿದೆಯಲ್ಲ ಎಂದು ತಮ್ಮ ಕೆಲಸ ನಿಲ್ಲಿಸಿಬಿಡುತ್ತವೆ. ಆಗ ಒಮ್ಮೆಲೇ ಬಿಟ್ಟರೆ ಸುಸ್ತು, ವಾಂತಿ, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ.

ಬಚ್ಚಿಟ್ಟ ಸ್ಟೀರಾಯ್ಡ್ ಇದಕ್ಕಿಂತ ಕೆಟ್ಟದ್ದು. ‘ಸೈಡ್ ಎಫೆಕ್ಟ್ ಇಲ್ಲದ ಗಿಡಮೂಲಿಕೆ’ ಎಂದು ಮಾರುವ ಲೇಬಲ್ ಇಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನು ನಮ್ಮ ದೇಶದ ವೈದ್ಯರು ಹಲವು ಸಲ ಲ್ಯಾಬ್ ಪರೀಕ್ಷೆಯಲ್ಲಿ ಹಿಡಿದಿದ್ದಾರೆ. ಇದು ಆಯುರ್ವೇದದ ದೋಷವಲ್ಲ, ಅದರ ಹೆಸರಿನಲ್ಲಿ ನಡೆಯುವ ಮೋಸ. ಗುರುತು ಸುಲಭ: ಹಳೆಯ ಕೀಲುನೋವು ಎರಡೇ ದಿನದಲ್ಲಿ ಮಾಯ, ತಿಂಗಳೆರಡರಲ್ಲಿ ಮುಖ ದುಂಡಗೆ, ಚರ್ಮ ತೆಳ್ಳಗೆ, ಮುಟ್ಟಿದರೆ ನೀಲಿಗಟ್ಟುವುದು, ಬಿಟ್ಟರೆ ನೋವು ದುಪ್ಪಟ್ಟು. ಮನೆಯ ಹಿರಿಯರು ಇಂಥದ್ದನ್ನು ತಿಂಗಳುಗಟ್ಟಲೆ ತಿಂದಿದ್ದಾರೆ ಎಂದು ತಿಳಿದರೆ ಪ್ಯಾಕೆಟ್ ಕಿತ್ತು ಎಸೆದು ಜಗಳ ಮಾಡಬೇಡಿ. ಪ್ಯಾಕೆಟ್ ಸಮೇತ ವೈದ್ಯರ ಬಳಿ ಕರೆದೊಯ್ಯಿರಿ, ನಿಲ್ಲಿಸುವುದನ್ನು ಹಂತ ಹಂತವಾಗಿ ಅವರೇ ಹೇಳಲಿ. ಅಂದಹಾಗೆ, ಸಂಧಿವಾತವನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ಫೋನ್ ನಂಬರ್ ಸಮೇತ ಬರುವ ಆ ಎರಡನೇ ಬಗೆಯ ಫಾರ್ವರ್ಡ್ ನೆನಪಿದೆಯೇ?

ನಿಜವಾದ ಅಪಾಯಗಳು

ಅಳತೆಯ ಇಂಜೆಕ್ಷನ್‌ಗೂ ಅಪಾಯಗಳಿವೆ, ಅವು ಫಾರ್ವರ್ಡ್ ಹೇಳುವವಲ್ಲ ಅಷ್ಟೆ. ನಮ್ಮ ಊರಿಗೆ ಎಲ್ಲಕ್ಕಿಂತ ಮುಖ್ಯ ಶುಗರ್. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿತು. ಮಂಡಿನೋವಿನ ವಯಸ್ಸೂ ಶುಗರ್ ವಯಸ್ಸೂ ಒಂದೇ. ಮಂಡಿಗೆ ಹಾಕಿದ ಸ್ಟೀರಾಯ್ಡ್‌ನ ಸ್ವಲ್ಪ ಭಾಗ ರಕ್ತಕ್ಕೆ ಸೇರಿಯೇ ಸೇರುತ್ತದೆ. ಎರಡರಿಂದ ಐದು ದಿನ, ಕೆಲವರಲ್ಲಿ ಒಂದು ವಾರದವರೆಗೆ ಶುಗರ್ ಏರುತ್ತದೆ, 300 ದಾಟುವುದೂ ಇದೆ. ಇದಕ್ಕೆ ಇಂಜೆಕ್ಷನ್ ಬೇಡ ಎನ್ನಬೇಕಿಲ್ಲ. ಶುಗರ್ ಹಿಡಿತದಲ್ಲಿದ್ದಾಗ ಹಾಕಿಸಿಕೊಂಡು, ಆ ವಾರ ಮನೆಯ ಗ್ಲುಕೋಮೀಟರ್‌ನಲ್ಲಿ ದಿನವೂ ನೋಡಿಕೊಂಡರೆ ಆಯಿತು. ಕಷ್ಟವೇನೆಂದರೆ ಮೂಳೆ ಡಾಕ್ಟರು ಒಂದು ಕಡೆ, ಶುಗರ್ ಡಾಕ್ಟರು ಇನ್ನೊಂದು ಕಡೆ. ಒಬ್ಬರಿಗೆ ಇನ್ನೊಬ್ಬರ ಚೀಟಿ ತೋರಿಸುವ ಕೆಲಸ ರೋಗಿಯದೇ.

ಸೋಂಕು ಅಪರೂಪ. ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ ಆಗಬಹುದು, ಆದರೆ ಆದರೆ ಗಂಭೀರ. ಸೂಜಿ, ಔಷಧಿ, ಚರ್ಮ ಎಲ್ಲವೂ ಶುದ್ಧವಾಗಿರಬೇಕು ಎಂಬುದಕ್ಕೆ ಒಂದು ದೊಡ್ಡ ಪಾಠ 2012ರಲ್ಲಿ ಅಮೆರಿಕದಲ್ಲಿ ಸಿಕ್ಕಿತು. ಮ್ಯಾಸಚೂಸೆಟ್ಸ್‌ನ ಒಂದು ಔಷಧಿ ತಯಾರಿಕಾ ಘಟಕದಿಂದ ಹೋದ ಮೀಥೈಲ್‌ಪ್ರೆಡ್ನಿಸೊಲೋನ್ ಬಾಟಲಿಗಳಲ್ಲಿ ಶಿಲೀಂಧ್ರ ಬೆಳೆದಿತ್ತು. ಬೆನ್ನಿಗೂ ಕೀಲುಗಳಿಗೂ ಅದನ್ನು ಹಾಕಿಸಿಕೊಂಡವರಲ್ಲಿ 20 ರಾಜ್ಯಗಳ 753 ಜನಕ್ಕೆ ಸೋಂಕು ತಗಲಿ 64 ಜನ ಸತ್ತರು. ಅಲ್ಲಿ ಕೊಂದದ್ದು ಸ್ಟೀರಾಯ್ಡ್ ಅಲ್ಲ, ಕೊಳಕು. ಎಲ್ಲಿ, ಯಾರ ಕೈಯಲ್ಲಿ ಹಾಕಿಸಿಕೊಳ್ಳುತ್ತೇವೆ ಎಂಬುದು ಯಾವ ಔಷಧಿ ಎಂಬಷ್ಟೇ ಮುಖ್ಯವಾಗುವುದು ಇದಕ್ಕೇ.

ಉಳಿದವು ಸಣ್ಣವು. ಮೊದಲ ಒಂದೆರಡು ದಿನ ನೋವು ಹೆಚ್ಚಾಗಬಹುದು, ಐಸ್ ಇಟ್ಟರೆ ಇಳಿಯುತ್ತದೆ. ಮುಖ ಕೆಂಪಾಗಿ ಬಿಸಿಯಾದಂತೆ ಅನಿಸಬಹುದು. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಂಡು ಗುಳಿ ಬೀಳುವುದುಂಟು, ನಮ್ಮ ಕಂದು ಚರ್ಮದಲ್ಲಿ ಅದು ಎದ್ದು ಕಾಣುತ್ತದೆ. ತೊನ್ನು ಎಂದು ಗಾಬರಿಯಾಗಬೇಡಿ, ಹೆಚ್ಚಾಗಿ ತಿಂಗಳುಗಳಲ್ಲಿ ಮಾಸುತ್ತದೆ. ‘ಕಿಡ್ನಿ ಹೋಗುತ್ತದೆ’ ಎಂಬ ಮಾತು ಇಲ್ಲಿಗೆ ಹೊಂದುವುದಿಲ್ಲ. ಕಿಡ್ನಿಗೆ ನಿಜವಾಗಿ ಹೊರೆಯಾಗುವುದು ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು. ಇಂಜೆಕ್ಷನ್‌ಗೆ ಹೆದರಿ ಆ ಮಾತ್ರೆಗಳ ಪಟ್ಟಿಯನ್ನೇ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುವವರನ್ನು ನೋಡಿದರೆ ನಮಗೆ ಸಂಕಟವಾಗುತ್ತದೆ.

‘ಗ್ರೀಸ್ ಮುಗಿದಿದೆ’ ಎಂಬ ವ್ಯಾಪಾರ

ಮಂಡಿ ಕಟಕಟ ಎಂದರೆ “ಒಳಗಿನ ಗ್ರೀಸ್ ಒಣಗಿದೆ” ಎನ್ನುವ ಮಾತು ನಮ್ಮಲ್ಲಿ ಮನೆಮಾತು. ಬೆಂಡೆಕಾಯಿ ನೆನೆಸಿದ ಲೋಳೆ ನೀರು ಕುಡಿದರೆ ಆ ಗ್ರೀಸ್ ಮತ್ತೆ ತುಂಬುತ್ತದೆ ಎಂಬ ಫಾರ್ವರ್ಡ್ ಬಂದದ್ದು ಈ ಕಲ್ಪನೆಯಿಂದಲೇ. ಹೊಟ್ಟೆಗೆ ಹೋದ ಲೋಳೆ ಜೀರ್ಣವಾಗುತ್ತದೆ, ಮಂಡಿಗೆ ಪೈಪ್‌ಲೈನ್ ಇಲ್ಲ. ಬೆಂಡೆಕಾಯಿಯನ್ನು ಪಲ್ಯ, ಗೊಜ್ಜು ಮಾಡಿ ತಿನ್ನಿ. ಸವೆತದ ಮಂಡಿಯಲ್ಲಿ ಕೀಲುದ್ರವ ಎಷ್ಟೋ ಸಲ ಹೆಚ್ಚೇ ಇರುತ್ತದೆ, ನೀರು ತುಂಬಿದೆ ಎಂದು ಡಾಕ್ಟರು ಸೂಜಿಯಿಂದ ತೆಗೆಯುವುದು ಅದನ್ನೇ.

ಇದೇ ‘ಗ್ರೀಸ್’ ಮಾತಿನ ಮೇಲೆ ದುಬಾರಿ ವ್ಯಾಪಾರವೂ ನಡೆಯುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್‌ನ ಔಷಧಿ ಅಗ್ಗ. ಜೆಲ್ ಇಂಜೆಕ್ಷನ್, ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್ ಎಂದರೆ ಸಾವಿರಾರು ರೂಪಾಯಿ. “ಇದು ಸ್ಟೀರಾಯ್ಡ್ ಅಲ್ಲ, ನ್ಯಾಚುರಲ್” ಎಂಬ ಒಂದು ಮಾತು ಹೆದರಿದ ರೋಗಿಯ ಜೇಬು ತೆರೆಸುತ್ತದೆ. ಸಾಕ್ಷ್ಯ ಏನು ಹೇಳುತ್ತದೆ? ಜೆಲ್ ಬಗ್ಗೆ 169 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಹುಸಿ ಇಂಜೆಕ್ಷನ್‌ಗಿಂತ ಸಿಗುವ ಹೆಚ್ಚಿನ ಆರಾಮ ರೋಗಿಗೆ ಗೊತ್ತಾಗದಷ್ಟು ಸಣ್ಣದು. ಪಿಆರ್‌ಪಿ ಬಗ್ಗೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ನಂತರ ಉಪ್ಪುನೀರಿಗೂ ಅದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಿಆರ್‌ಪಿ ಪರವಾದ ಅಧ್ಯಯನಗಳೂ ಇವೆ, ವೈದ್ಯರಲ್ಲಿ ಇನ್ನೂ ವಾದ ನಡೆದಿದೆ. ವಾದ ಮುಗಿಯದ ಚಿಕಿತ್ಸೆಗೆ ‘ಗ್ಯಾರಂಟಿ’ ಎಂದು ಹೇಳುವವರ ಬಗ್ಗೆ ಹುಷಾರಾಗಿರುವುದು ಒಳ್ಳೆಯದು.

ಸಿಕ್ಕ ಆರು ವಾರದಲ್ಲಿ ಏನು ಮಾಡುವುದು?

ನಮ್ಮ ಪ್ರಕಾರ ಇಡೀ ವಿಷಯ ಇಲ್ಲಿದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಕೆಲವು ವಾರಗಳ ಬಿಡುವು. ನೋವಿದ್ದರೆ ನಡೆಯುವುದಿಲ್ಲ, ನಡೆಯದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಭಾರವೆಲ್ಲ ಮಂಡಿಯ ಮೇಲೆ, ಮತ್ತೆ ನೋವು. ಈ ಸುತ್ತನ್ನು ಮುರಿಯಲು ಸಿಗುವ ಕಿಟಕಿ ಅದು. 2020ರಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ ಮಂಡಿ ಸವೆತದ 156 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದ ಅಧ್ಯಯನ ಪ್ರಕಟವಾಯಿತು. ವರ್ಷದ ಕೊನೆಗೆ ನೋವು ಮತ್ತು ಓಡಾಟದ ತೊಂದರೆಯ ಅಂಕ ಇಂಜೆಕ್ಷನ್ ಗುಂಪಿನಲ್ಲಿ 55.8, ಫಿಸಿಯೋಥೆರಪಿ ಗುಂಪಿನಲ್ಲಿ 37. ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ಫಿಸಿಯೋ ಎಂದರೆ ದೊಡ್ಡ ಮೆಷಿನ್ ಎಂದುಕೊಳ್ಳಬೇಡಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸಿ ಇಳಿಸುವುದು, ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಧಾರಾವಾಹಿ ನೋಡುತ್ತಲೇ ಮಾಡಬಹುದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಸವೆತ ಇರುವವರು ಕೆಲಕಾಲ ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದನ್ನು, ಕುಕ್ಕರಗಾಲಲ್ಲಿ ಕೂರುವುದನ್ನು ಬಿಡುವುದೂ ಚಿಕಿತ್ಸೆಯೇ, ಪೂಜೆಗೆ ಪುಟ್ಟ ಸ್ಟೂಲ್ ಇಟ್ಟುಕೊಂಡರೆ ದೇವರು ಬೇಸರಿಸುವುದಿಲ್ಲ. ಇಂಜೆಕ್ಷನ್ ಹಾಕಿಸಿಕೊಂಡ ಮೊದಲ ಒಂದೆರಡು ದಿನ ಮಾತ್ರ ಮಂಡಿಗೆ ವಿಶ್ರಾಂತಿ ಕೊಟ್ಟು ಆಮೇಲೆ ಶುರುಮಾಡಬೇಕು. ನೋವು ಹೋಯಿತೆಂದು ಅದೇ ವಾರ ತಿರುಪತಿ ಬೆಟ್ಟ ಹತ್ತಲು ಹೊರಡುವವರೂ ಇದ್ದಾರೆ. ಬೇಡ.

ಡಾಕ್ಟರು ಇಂಜೆಕ್ಷನ್ ಸೂಚಿಸಿದಾಗ ಕೇಳಲು ಸಂಕೋಚಪಡಬೇಡಿ: ನನಗಿರುವುದು ಸವೆತವೋ, ಸಂಧಿವಾತವೋ, ಯೂರಿಕ್ ಆಮ್ಲದ ಗೌಟೋ? ಬೆಳಗ್ಗೆ ಎದ್ದಾಗ ಒಂದು ಗಂಟೆಗೂ ಹೆಚ್ಚು ಕೈಬೆರಳು ಬಿಗಿದುಕೊಂಡಿದ್ದರೆ, ಎರಡೂ ಕಡೆಯ ಸಣ್ಣ ಕೀಲುಗಳು ಊದಿದ್ದರೆ ಅದು ಸಂಧಿವಾತ ಇರಬಹುದು. ಅದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಬೇರೆ ಔಷಧಿ ಬೇಕು, ಬರೀ ಸ್ಟೀರಾಯ್ಡ್‌ನಲ್ಲಿ ದಿನ ದೂಡಿದರೆ ಕೀಲು ಸೊಟ್ಟಗಾಗುವುದು ತಪ್ಪುವುದಿಲ್ಲ. ಔಷಧಿಯ ಹೆಸರು, ಪ್ರಮಾಣ, ಯಾವ ಕೀಲು, ತಾರೀಖು, ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಕ್ಲಿನಿಕ್ ನೋಂದಾಯಿತವೇ ಎಂದು ನೋಡುವುದೂ ಕಷ್ಟವಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಪ್ರಕಾರ ನೋಂದಣಿ ವಿವರ ಕಾಣುವಂತೆ ಹಾಕಿರಬೇಕು. ಅಲೋಪಥಿ ಕ್ಲಿನಿಕ್‌ಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡ್ ಇರಬೇಕೆಂದು ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿದೆ. ಖಾಸಗಿ ಖರ್ಚು ಭಾರವಾಗುವವರಿಗೆ ಗಿರಿನಗರದಿಂದ ಹೆಚ್ಚು ದೂರವಿಲ್ಲದ ಜಯನಗರದಲ್ಲೇ ಸರ್ಕಾರಿ ಜನರಲ್ ಆಸ್ಪತ್ರೆಯಿದೆ, ಬೈರಸಂದ್ರದ ಕಡೆ ಮೂಳೆ ಚಿಕಿತ್ಸೆಗೇ ಮೀಸಲಾದ ಸಂಜಯ ಗಾಂಧಿ ಸಂಸ್ಥೆಯಿದೆ.

ಮಂಡಿ ಬದಲಿ ಆಪರೇಷನ್ ಯೋಚನೆ ಈಗಾಗಲೇ ಇದ್ದರೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಮುಂಚೆಯೇ ಅದನ್ನು ಹೇಳಿ. ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಸಾಧ್ಯತೆ ಹೆಚ್ಚು, ಹಾಗಾಗಿ ಸರ್ಜನ್‌ಗಳು ಕಾಯಿಸುತ್ತಾರೆ. ಮಂಡಿ ಕೆಂಪಾಗಿ, ಮುಟ್ಟಿದರೆ ಸುಡುವಂತಿದ್ದು, ಜ್ವರವೂ ಇದ್ದರೆ ಯಾರು ಹೇಳಿದರೂ ಸ್ಟೀರಾಯ್ಡ್ ಹಾಕಿಸಿಕೊಳ್ಳಬಾರದು, ಒಳಗೆ ಸೋಂಕು ಇರಬಹುದು. ಇಂಜೆಕ್ಷನ್ ಆದ ಮೇಲೆ ನೋವು ಮೂರನೇ ದಿನಕ್ಕೂ ಏರುತ್ತಲೇ ಇದ್ದು, ಚಳಿ ಜ್ವರ ಬಂದರೆ ಗ್ರೂಪ್‌ನಲ್ಲಿ ಕೇಳುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗಿ, ಕೀಲಿನ ಸೋಂಕಿನಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.